ಚಾರ್ಜಿಂಗ್ ಪಾಯಿಂಟ್ ಎಲ್ಲಿ ಬೇಕು? ಹುಬ್ಬಳ್ಳಿ-ಧಾರವಾಡದ ಟ್ಯಾಕ್ಸಿ, ಆಟೊಗಳ ಲೆಕ್ಕ

ಊರೊಳಗಿನ ಟೂರಿಸ್ಟ್ ಟ್ಯಾಕ್ಸಿಯ ಬಾಡಿಗೆ ಸಾಮಾನ್ಯವಾಗಿ ‘8 ತಾಸು, 80 ಕಿಲೋಮೀಟರ್’ ಎಂಬ ಪ್ಯಾಕೇಜಿನಲ್ಲಿ ನಡೆಯುತ್ತದೆ. ಎಲೆಕ್ಟ್ರಿಕ್ ಟ್ಯಾಕ್ಸಿಗೆ ಚಾರ್ಜಿಂಗ್ ಪಾಯಿಂಟ್ ಎಲ್ಲಿ ಹಾಕಬೇಕು ಎಂಬ ಚರ್ಚೆ ಶುರುವಾಗಬೇಕಾದದ್ದು ಇಲ್ಲಿಂದಲೇ. ಟ್ಯಾಕ್ಸಿಗೆಂದು ಮಾರುವ ಸೆಡಾನ್‌ಗಳಲ್ಲಿ ಸುಮಾರು 26 ಯೂನಿಟ್ ಹಿಡಿಯುವ ಬ್ಯಾಟರಿ ಇರುತ್ತದೆ. ಕಾಗದದ ಮೇಲೆ 300 ಕಿ.ಮೀ. ದಾಟುವ ಈ ಗಾಡಿ ಎಸಿ ಹಾಕಿ, ನಾಲ್ಕು ಜನ ಕೂತು, ಪಿ.ಬಿ. (ಪುಣೆ-ಬೆಂಗಳೂರು) ರೋಡಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋದಾಗ 160ರಿಂದ 180 ಕಿ.ಮೀ. ಕೊಟ್ಟರೆ ಸರಿಯಾಗಿಯೇ ಕೊಟ್ಟಿತು ಎನ್ನಬೇಕು. ಅಂದರೆ ಲೋಕಲ್ ಪ್ಯಾಕೇಜ್ ಮುಗಿಸಿ ಬಂದಾಗಲೂ ಅರ್ಧ ಬ್ಯಾಟರಿ ಉಳಿದಿರುತ್ತದೆ. ಬೆಳಿಗ್ಗೆ ಪೂರ್ತಿ ತುಂಬಿಕೊಂಡು ಹೊರಟ ಗಾಡಿಗೆ ಹಗಲು ಹೊತ್ತಿನಲ್ಲಿ ಫಾಸ್ಟ್ ಚಾರ್ಜರ್ ಬೇಕಾಗುವುದೇ ಅಪರೂಪ.

ಆದರೆ ಬೆಳಿಗ್ಗೆ ಪೂರ್ತಿ ತುಂಬಿಕೊಳ್ಳುವುದು ಎಲ್ಲಿ? ಸ್ವಂತ ಮನೆ, ಅಂಗಳ, ಮೂರು ಫೇಸ್ ಮೀಟರ್ ಇರುವ ಚಾಲಕರು ಎಷ್ಟು ಮಂದಿ? ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬಾಡಿಗೆ ಮನೆ ಹಿಡಿದವರು ಗಾಡಿಯನ್ನು ದೊಡ್ಡ ರಸ್ತೆಯಲ್ಲೋ ಗುಡಿಯ ಮುಂದಿನ ಬಯಲಿನಲ್ಲೋ ನಿಲ್ಲಿಸಿ ಮನೆಗೆ ನಡೆದು ಹೋಗುತ್ತಾರೆ. ಅವಳಿ ನಗರದಲ್ಲಿ ಎಲೆಕ್ಟ್ರಿಕ್ ಟ್ಯಾಕ್ಸಿ ಹೆಚ್ಚಬೇಕೆಂದರೆ ಮೊದಲು ಬೇಕಾದದ್ದು ರಾತ್ರಿ ಗಾಡಿ ನಿಲ್ಲಿಸಿ ತಂತಿ ಸಿಕ್ಕಿಸುವ ಜಾಗ. ಸರ್ಕಲ್ಲಿಗೊಂದು ದೊಡ್ಡ ಫಾಸ್ಟ್ ಚಾರ್ಜರ್ ಹಾಕುವುದು ಎರಡನೆಯ ಮಾತು. ಉದ್ಘಾಟನೆಗೆ ಎರಡನೆಯದೇ ಚಂದ ಕಾಣುತ್ತದೆ, ಅದು ಬೇರೆ.

ರೂಪಾಯಿ ಲೆಕ್ಕ

ಅಂದಾಜು ದರಗಳನ್ನು ಹಿಡಿದುಕೊಂಡು ಲೆಕ್ಕ ಹಾಕೋಣ. ನಿಮ್ಮ ಊರಿನ ಇಂದಿನ ದರ ಹಾಕಿದರೂ ಉತ್ತರದ ದಿಕ್ಕು ಬದಲಾಗದು. ದಿನಕ್ಕೆ 150 ಕಿ.ಮೀ. ಓಡುವ ಟ್ಯಾಕ್ಸಿ. ಯೂನಿಟ್ಟಿಗೆ 7 ಕಿ.ಮೀ. ಬಂದರೆ ಬ್ಯಾಟರಿಯಿಂದ ಹೋಗುವುದು ಸುಮಾರು 21.4 ಯೂನಿಟ್. ಎಸಿ ಪಾಯಿಂಟಿನಲ್ಲಿ (ಮನೆಗೆ ಬರುವ ಮಾಮೂಲಿ ಕರೆಂಟಿನ, ನಿಧಾನದ ಪಾಯಿಂಟ್) ತುಂಬುವಾಗ ಗಾಡಿಯೊಳಗಿನ ಚಾರ್ಜರ್‌ನಲ್ಲಿ ಶೇ. 10ರಷ್ಟು ಸೋರುವುದರಿಂದ ಮೀಟರಿನಲ್ಲಿ 24 ಯೂನಿಟ್ ತೋರಿಸುತ್ತದೆ. ಬೇರೆ ಮೀಟರ್ ಹಾಕಿಸಿಕೊಂಡು ಯೂನಿಟ್ಟಿಗೆ 6 ರೂ. ಬಿದ್ದರೆ ದಿನದ ಖರ್ಚು 144 ರೂ. ಅದೇ ಗಾಡಿ ಪೂರ್ತಿ ಸಾರ್ವಜನಿಕ ಡಿಸಿ ಚಾರ್ಜರ್ (ಅಂದರೆ ಫಾಸ್ಟ್ ಚಾರ್ಜರ್) ಮೇಲೆಯೇ ನಡೆದರೆ, ಯೂನಿಟ್ಟಿಗೆ 16 ರೂ. ಮತ್ತು ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 404 ರೂ. (ಗಾಡಿ ಕೊಳ್ಳುವಾಗ ಜಿಎಸ್‌ಟಿ ಶೇ. 5, ಅದಕ್ಕೆ ಚಾರ್ಜ್ ಹಾಕಿಸುವಾಗ ಶೇ. 18. ಈ ವಿಚಿತ್ರವನ್ನು ಇನ್ನೂ ಯಾರೂ ಸರಿಪಡಿಸಿಲ್ಲ.) ಲೀಟರಿಗೆ 18 ಕಿ.ಮೀ. ಕೊಡುವ ಡೀಸೆಲ್ ಗಾಡಿಗೆ, ಲೀಟರ್ 90 ರೂ. ಹಿಡಿದರೆ 750 ರೂ. ಕಿಲೋಗೆ 22 ಕಿ.ಮೀ. ಕೊಡುವ ಸಿಎನ್‌ಜಿ ಗಾಡಿಗೆ, ಕಿಲೋಗೆ 85 ರೂ. ಹಿಡಿದರೆ 580 ರೂ.

ನಿಜವಾದ ಪೈಪೋಟಿ ಇರುವುದು ಸಿಎನ್‌ಜಿ ಜೊತೆ. ಎಲೆಕ್ಟ್ರಿಕ್ ಸೆಡಾನ್‌ಗೆ ಸಿಎನ್‌ಜಿ ಗಾಡಿಗಿಂತ ನಾಲ್ಕು ಲಕ್ಷ ಹೆಚ್ಚು ಕೊಟ್ಟರೆ, ಆ ನಾಲ್ಕು ಲಕ್ಷದ ಐದು ವರ್ಷದ ಸಾಲಕ್ಕೆ ತಿಂಗಳಿಗೆ ಸುಮಾರು 8,500 ರೂ. ಕಂತು. ರಾತ್ರಿ ಚಾರ್ಜ್ ಮಾಡುವವನಿಗೆ ಸಿಎನ್‌ಜಿಗಿಂತ ದಿನಕ್ಕೆ 436 ರೂ. ಉಳಿತಾಯ, 26 ದಿನಕ್ಕೆ 11,300 ರೂ. ಕಂತು ಕಟ್ಟಿ ಮೇಲೆ ಕೈಯಲ್ಲಿ ಉಳಿಯುತ್ತದೆ. ಸಾರ್ವಜನಿಕ ಚಾರ್ಜರ್ ಒಂದನ್ನೇ ನೆಚ್ಚಿಕೊಂಡವನಿಗೆ ದಿನಕ್ಕೆ 176 ರೂ., ತಿಂಗಳಿಗೆ 4,600 ರೂ. ಕಂತಿಗೂ ಸಾಲದು. ಇದರ ಮೇಲೆ ಚಾರ್ಜರ್ ಮುಂದೆ ಸರದಿಯಲ್ಲಿ ನಿಂತು ದಿನಕ್ಕೆ ಒಂದು ಬಾಡಿಗೆ ತಪ್ಪಿತೆಂದರೆ ಆ 176 ರೂಪಾಯಿಯೂ ಹೋಯಿತು. ‘ಚಾರ್ಜರ್ ಇದ್ದರೂ ಟ್ಯಾಕ್ಸಿಯವರು ಯಾಕೆ ತಗೊಳ್ಳವಲ್ಲರು’ ಎಂಬ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಇಲ್ಲೇ ಇದೆ.

ಆಟೊದ ಕಥೆ, ಗೃಹಜ್ಯೋತಿಯ ಗಂಟು

ಆಟೊಗಳ ಬ್ಯಾಟರಿ ಚಿಕ್ಕದು, 7ರಿಂದ 9 ಯೂನಿಟ್. 16 ಆಂಪಿಯರ್ ಸಾಕೆಟ್ಟಿನಲ್ಲಿ ನಾಲ್ಕು ತಾಸಿನ ಆಸುಪಾಸು ಸಾಕು. ಹಾಗಾಗಿ ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಲಿ ಎನ್ನುವುದು ಸುಲಭದ ಸಲಹೆ. ಮನೆಯ ಬಿಲ್ ನೋಡಿದರೆ ಅದರ ತೊಡಕು ಗೊತ್ತಾಗುತ್ತದೆ. ದಿನಕ್ಕೆ 100 ಕಿ.ಮೀ. ಓಡುವ ಆಟೊ ಗೋಡೆಯಿಂದ ಸುಮಾರು 7.5 ಯೂನಿಟ್ ಎಳೆಯುತ್ತದೆ. ತಿಂಗಳಿಗೆ 26 ದಿನ ಅಂದರೆ 195 ಯೂನಿಟ್. ಗೃಹಜ್ಯೋತಿಯಲ್ಲಿ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. 200ರ ಒಳಗಿದ್ದರೂ 2022-23ರ ಸರಾಸರಿಯ ಮೇಲೆ ನಿಗದಿಯಾದ ಮಿತಿಯನ್ನು ಮೀರಿದ್ದಕ್ಕೆಲ್ಲ ಹಣ ಬೀಳುತ್ತದೆ. ಫ್ಯಾನು, ಟಿವಿ, ಮಿಕ್ಸರ್ ಸೇರಿದರೆ ಆಟೊ ಇರುವ ಮನೆ ಪ್ರತಿ ತಿಂಗಳೂ ಗೆರೆ ದಾಟುತ್ತದೆ. ಬಾಡಿಗೆ ಮನೆಯಾದರೆ ಮಾಲಕರ ಜೊತೆ ಜಗಳ ಬೇರೆ.

ಇದಕ್ಕೆ ದಾರಿ ಇದೆ. ಗಾಡಿ ಚಾರ್ಜಿಂಗಿಗೇ ಬೇರೆ ಸಂಪರ್ಕ ಕೇಳುವ ಹಕ್ಕನ್ನು ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿ ಕೊಟ್ಟಿದೆ. ನಗರಸಭೆ, ಪಾಲಿಕೆ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಕ್ಕೆ 7 ದಿನದ ಗಡುವನ್ನೂ ಹಾಕಿದೆ. ರಾಜ್ಯದ ದರಪಟ್ಟಿಯಲ್ಲಿ ಚಾರ್ಜಿಂಗ್ ಸ್ಟೇಷನ್ನಿಗೆ ಎಲ್‌ಟಿ-6(ಸಿ) ಎಂಬ ಪ್ರತ್ಯೇಕ ವರ್ಗವಿದೆ. ಹೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಅರ್ಜಿ ಕೊಡುವಾಗ ವರ್ಗದ ಹೆಸರು ಹಿಡಿದು ಕೇಳಿ. ಸುಮ್ಮನೆ ‘ಇನ್ನೊಂದು ಮೀಟರ್ ಬೇಕು’ ಎಂದರೆ ವಾಣಿಜ್ಯ ವರ್ಗಕ್ಕೆ ಹಾಕಿಬಿಡುವ ಸಾಧ್ಯತೆ ಉಂಟು, ಆಗ ಲೆಕ್ಕವೇ ತಲೆಕೆಳಗು.

ಓಣಿಯ ಮನೆಗಳಲ್ಲಿ ಕಾಣುವ ಇನ್ನೊಂದು ಅಪಾಯವನ್ನು ಬಿಡಿಸಿ ಹೇಳಬೇಕು. ಆಟೊದ ಚಾರ್ಜರ್ 13-14 ಆಂಪಿಯರನ್ನು ನಾಲ್ಕು ತಾಸು ಬಿಡದೆ ಎಳೆಯುತ್ತದೆ. ಗೀಸರ್ ಕೂಡ ಅಷ್ಟೇ ಎಳೆದರೂ ಕಾಲು ತಾಸಿಗೆ ನಿಲ್ಲುತ್ತದೆ. ಮನೆಯ ಹಳೆಯ 1.5 ಚದರ ಮಿ.ಮೀ. ವೈರು, ಸಡಿಲಾದ ಸಾಕೆಟ್, ಕಿಟಕಿಯಿಂದ ಹೊರಬಿಟ್ಟ ಎಕ್ಸ್‌ಟೆನ್ಷನ್ ಬೋರ್ಡ್ ಈ ಶಾಖ ತಡೆಯುವುದಿಲ್ಲ. ಸಾಕೆಟ್ಟಿನ ತೂತು ಕಂದಾಗುವುದು, ಪ್ಲಗ್ ಮೆತ್ತಗಾಗುವುದು ಮೊದಲ ಸೂಚನೆ. ಮೀಟರ್ ಬೋರ್ಡಿನಿಂದ ನೇರ 4 ಚದರ ಮಿ.ಮೀ. ತಾಮ್ರದ ವೈರು, 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ನೀಲಿ ಬಣ್ಣದ ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿದರೆ ಕೆಲಸ ಮುಗಿಯಿತು. ಸಾಕೆಟ್ ನೆಲದಿಂದ ಕನಿಷ್ಠ 800 ಮಿ.ಮೀ. ಮೇಲಿರಬೇಕು, ಎಕ್ಸ್‌ಟೆನ್ಷನ್ ಬಳಸಬಾರದು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೇ ಹೇಳುತ್ತದೆ.

ಅರ್ತಿಂಗ್ ಸರಿ ಇಲ್ಲದಿದ್ದರೆ ಗಾಡಿಯ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಆಗ ಪ್ಲಗ್ಗಿನೊಳಗೆ ನ್ಯೂಟ್ರಲ್ಲಿನಿಂದ ಅರ್ತಿಗೆ ಒಂದು ತುಂಡು ವೈರು ಸೇರಿಸಿ ‘ರಿಪೇರಿ’ ಮಾಡುವವರಿದ್ದಾರೆ. ಚಾರ್ಜ್ ಆಗುತ್ತದೆ, ನಿಜ. ಆದರೆ ಕಂಬದಲ್ಲೋ ಮೀಟರಿನಲ್ಲೋ ನ್ಯೂಟ್ರಲ್ ಕಟ್ಟಾದ ಕ್ಷಣ ಗಾಡಿಯ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಮಳೆಯಲ್ಲಿ ನೆಂದ ನೆಲದ ಮೇಲೆ ನಿಂತು ಮುಟ್ಟಿದವರು ಉಳಿಯುವುದು ಅದೃಷ್ಟ. ಇದನ್ನು ಯಾವ ಕಾರಣಕ್ಕೂ ಮಾಡಬಾರದು.

ರಾತ್ರಿ ತಂಗುದಾಣ ಹೇಗಿರಬೇಕು

20 ಆಟೊ, 4 ಟ್ಯಾಕ್ಸಿ ರಾತ್ರಿ ನಿಲ್ಲುವ ಒಂದು ಜಾಗವನ್ನು ಊಹಿಸಿ. ಪಾಲಿಕೆಯ ಖಾಲಿ ನಿವೇಶನ ಆಗಬಹುದು, ರಾತ್ರಿ ಖಾಲಿ ಬಿದ್ದಿರುವ ಸಂತೆ ಮೈದಾನ ಆಗಬಹುದು. 20 ಆಟೊಗಳಿಗೆ 20 ಸಾಕೆಟ್ ಬೇಕಿಲ್ಲ. 10 ಸಾಕೆಟ್ ಹಾಕಿ ಎರಡು ಪಾಳಿ ಮಾಡಿದರೆ ಸಾಕು: ರಾತ್ರಿ 10ರಿಂದ 2, 2ರಿಂದ ಬೆಳಗಿನ 6. ಪಾಳಿ ಬದಲಿಸಲು ಕಾವಲುಗಾರ ಇರಲೇಬೇಕು, ಆ ಸಂಬಳವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಸಾಕೆಟ್ ಒಂದಕ್ಕೆ 3.3 ಕಿಲೋವ್ಯಾಟ್, ಒಟ್ಟು 33. ಟ್ಯಾಕ್ಸಿಗಳಿಗೆ 7.4 ಕಿಲೋವ್ಯಾಟಿನ ನಾಲ್ಕು ಟೈಪ್-2 ಪಾಯಿಂಟ್, ಒಟ್ಟು 29.6. ಕೂಡಿಸಿದರೆ ಸುಮಾರು 63 ಕಿಲೋವ್ಯಾಟ್, 65ಕ್ಕೆ ಮಂಜೂರಾತಿ ಕೇಳಬಹುದು.

ಎಲೆಕ್ಟ್ರಿಷಿಯನ್ನರು ಎಡವುವುದು ಫೇಸ್ ಹಂಚಿಕೆಯಲ್ಲಿ. ಇವೆಲ್ಲ ಒಂದು ಫೇಸಿನ ಲೋಡು. ಆರ್ ಫೇಸಿಗೆ 4 ಸಾಕೆಟ್, 1 ಟ್ಯಾಕ್ಸಿ. ವೈ ಫೇಸಿಗೂ ಅಷ್ಟೇ. ಬಿ ಫೇಸಿಗೆ 2 ಸಾಕೆಟ್, 2 ಟ್ಯಾಕ್ಸಿ. ಹೀಗೆ ಹಂಚಿದರೆ ಆರ್, ವೈ ಎರಡರಲ್ಲೂ 89 ಆಂಪಿಯರ್, ಬಿಯಲ್ಲಿ 93. ಮನಸ್ಸಿಗೆ ಬಂದಂತೆ ಜೋಡಿಸಿ ನಾಲ್ಕೂ ಟ್ಯಾಕ್ಸಿ ಒಂದೇ ಫೇಸಿಗೆ ಬಂದರೆ ಅದೊಂದರಲ್ಲೇ 128 ಆಂಪಿಯರ್ ಆಗಿ ಮೇನ್‌ನ ಮಿತಿ ದಾಟುತ್ತದೆ. ಮೇನ್‌ಗೆ 125 ಆಂಪಿಯರ್ ಎಂಸಿಸಿಬಿ (ದೊಡ್ಡ ಬ್ರೇಕರ್) ಸಾಕು. ಕೇಬಲ್ ಮಾತ್ರ ಮೂರೂವರೆ ಕೋರಿನದು ಬೇಡ, ನ್ಯೂಟ್ರಲ್ ಕೂಡ ಫೇಸಿನಷ್ಟೇ ದಪ್ಪ ಇರುವ ನಾಲ್ಕು ಕೋರ್ ಹಾಕಬೇಕು. ಎರಡನೆಯ ಪಾಳಿಗೆ ಬಂದ ಆಟೊ ಕಡಿಮೆಯಾದ ರಾತ್ರಿ ಫೇಸುಗಳು ಏರುಪೇರಾಗಿ ನ್ಯೂಟ್ರಲ್ ಮೇಲೆ ಭಾರ ಬೀಳುತ್ತದೆ. ಸಣಕಲು ನ್ಯೂಟ್ರಲ್‌ನ ಜಾಯಿಂಟ್ ಸುಟ್ಟು ಬಿಟ್ಟುಕೊಂಡರೆ ವೋಲ್ಟೇಜ್ ಒಂದು ಫೇಸಿನಲ್ಲಿ ಏರಿ ಇನ್ನೊಂದರಲ್ಲಿ ಇಳಿಯುತ್ತದೆ, ಸಿಕ್ಕಿಸಿದ ಚಾರ್ಜರ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ.

ಆಮೇಲೆ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಓಣಿಯ 100 ಕೆವಿಎ ಟಿಸಿ ಬೇಸಿಗೆಯ ರಾತ್ರಿ ಕೂಲರ್, ಎಸಿಗಳಿಂದಲೇ ದಣಿದಿರುತ್ತದೆ. ಅದರ ಮೇಲೆ 63 ಕಿಲೋವ್ಯಾಟ್ ಹೊರಿಸಿದರೆ ಮೊದಲು ಓಣಿಯವರ ವೋಲ್ಟೇಜ್ ಬೀಳುತ್ತದೆ, ಆಮೇಲೆ ಫ್ಯೂಸ್ ಹೋಗುತ್ತದೆ, ಆಮೇಲೆ ಚಾರ್ಜಿಂಗ್ ಜಾಗವನ್ನು ಎತ್ತಂಗಡಿ ಮಾಡಿ ಎಂದು ನೆರೆಯವರು ಪಾಲಿಕೆ ಸದಸ್ಯರ ಮನೆಗೆ ಹೋಗುತ್ತಾರೆ. ಆದ್ದರಿಂದ ಜಾಗ ಆಯುವಾಗ ಖಾಲಿ ನಿವೇಶನ ನೋಡುವುದಕ್ಕಿಂತ ಮೊದಲು 250 ಕೆವಿಎ ಟಿಸಿ ಎಲ್ಲಿದೆ, ಅದರ ಮೇಲೆ ರಾತ್ರಿ 10ರ ಲೋಡ್ ಎಷ್ಟು ಎಂದು ಸೆಕ್ಷನ್ ಆಫೀಸಿನಲ್ಲಿ ಕೇಳಿ. ಹೊಸ ಟಿಸಿ ಹಾಕಿಸಬೇಕಾದರೆ ಇಡೀ ಯೋಜನೆಯ ಖರ್ಚು ಒಂದೂವರೆ ಪಟ್ಟಿಗೆ ಏರಿದರೂ ಅಚ್ಚರಿಯಿಲ್ಲ.

ನೆಲದ ಸ್ವಭಾವವನ್ನೂ ಗಮನಿಸಬೇಕು. ಹುಬ್ಬಳ್ಳಿಯ ಪೂರ್ವಕ್ಕೆ, ಗದಗಿನ ಕಡೆಗೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಎರೆ ಮಣ್ಣಿನ ಮೇಲೆ ಒಂದಡಿ ಕಾಂಕ್ರೀಟ್ ಹಾಕಿ ಚಾರ್ಜರ್ ನಿಲ್ಲಿಸಿದರೆ ಎರಡನೇ ವರ್ಷಕ್ಕೆ ಅದು ವಾಲುತ್ತದೆ, ಒಳಗಿನ ಕೇಬಲ್ ಗ್ಲ್ಯಾಂಡ್ ಎಳೆದು ನೀರು ಹೋಗುತ್ತದೆ. ಮಣ್ಣು ತೆಗೆದು ಗರಸು ತುಂಬಿ ಧಮ್ಮಸ್ ಮಾಡಿ ಅದರ ಮೇಲೆ ಪಾಯ ಹಾಕಬೇಕು, ಕೇಬಲ್ಲಿಗೆ ಪೈಪಿನೊಳಗೆ ಸ್ವಲ್ಪ ಸಡಿಲ ಬಿಡಬೇಕು. ಅರ್ತಿಂಗ್ ಕೂಡ ಇದೇ ಮಣ್ಣಿನ ಆಟ: ಹಸಿ ಎರೆ ಒಳ್ಳೆಯ ಅರ್ತ್ ಕೊಡುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಕಂಬಿಯಿಂದ ಬಿಟ್ಟುಕೊಂಡಾಗ ರೋಧ ಏರುತ್ತದೆ. ಆಗಸ್ಟಿನಲ್ಲಿ ಅಳೆದು ಬರೆದ ಸರ್ಟಿಫಿಕೇಟನ್ನು ನಂಬಬೇಡಿ. ಅಳೆಯುವುದಾದರೆ ಅಡ್ಡಮಳೆಗೆ ಮುಂಚೆ ಅಳೆಯಿರಿ. ಧಾರವಾಡದ ಕೆಂಪು ಮಸಬು ನೆಲದಲ್ಲಿ ಪಾಯದ ತಾಪತ್ರಯ ಕಡಿಮೆ, ಅರ್ತಿಂಗಿಗೆ ಮಾತ್ರ ಹೆಚ್ಚು ಆಳ ಬೇಕಾಗುತ್ತದೆ.

ಹಾಗಾದರೆ ಫಾಸ್ಟ್ ಚಾರ್ಜರ್ ಬೇಡವೇ?

ಬೇಕು. ಎರಡನೇ ಪಾಳಿ ಓಡುವವರಿಗೆ, ಹೊರಊರಿಂದ ಬರುವವರಿಗೆ, ಬೆಳಿಗ್ಗೆ ಅರ್ಧ ಬ್ಯಾಟರಿಯಲ್ಲೇ ಹೊರಟವರಿಗೆ. ಆದರೆ ಎಷ್ಟು, ಎಲ್ಲಿ ಎಂಬುದಕ್ಕೆ ಕೇಂದ್ರದ ಚೌಕದ ಸೂತ್ರ ನಮ್ಮ ಊರಿಗೆ ಅಷ್ಟಾಗಿ ಹೊಂದುವುದಿಲ್ಲ. 2022ರ ಮಾರ್ಗಸೂಚಿ 3 ಕಿ.ಮೀ.ಗೆ 3 ಕಿ.ಮೀ. ಚೌಕಕ್ಕೊಂದು ಸ್ಟೇಷನ್ ಎಂದಿತ್ತು. 2024ರದ್ದು ನಗರಗಳಲ್ಲಿ ಅದನ್ನು 1 ಕಿ.ಮೀ. ಚೌಕಕ್ಕೆ ಇಳಿಸಿತು. ಅವಳಿ ನಗರವೋ ಪಿ.ಬಿ. ರೋಡಿಗೆ ಪೋಣಿಸಿದ ಸರ. ಈ ಊರಿಂದ ಆ ಊರಿಗೆ 20 ಕಿ.ಮೀ. ಆಸುಪಾಸು. ಅವುಗಳ ನಡುವೆ ಓಡಾಡುವ ಜನರನ್ನು ಚಿಗರಿ ಬಸ್ಸು ಕಡಿಮೆ ದುಡ್ಡಿಗೆ ಒಯ್ಯುತ್ತದೆ. ಟ್ಯಾಕ್ಸಿಗೆ ಉಳಿಯುವುದು ವಿಮಾನ ನಿಲ್ದಾಣ, ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣ, ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ, ಧಾರವಾಡದ ಹೈಕೋರ್ಟ್ ಪೀಠ, ಲಾಡ್ಜು, ಕಲ್ಯಾಣಮಂಟಪ. ಚಾಲಕ ಹೇಗೂ ಕಾಯುವ ಜಾಗಗಳಿವು. ಗಿರಾಕಿ ಆಸ್ಪತ್ರೆಯೊಳಗೆ ಎರಡು ತಾಸು ಇದ್ದರೆ ಹೊರಗೆ ಗಾಡಿ ತುಂಬುತ್ತಿರಬೇಕು. ಅಲ್ಲಿ 7.4 ಕಿಲೋವ್ಯಾಟಿನ ಪಾಯಿಂಟ್ ಇದ್ದರೂ, ಗಾಡಿಯೊಳಗಿನ ಚಾರ್ಜರ್ ಅಷ್ಟು ಎಳೆಯುವಂಥದಾದರೆ, ಎರಡು ತಾಸಿಗೆ 90 ಕಿ.ಮೀ.ಗಿಂತ ಹೆಚ್ಚು ಓಟ ಸಿಗುತ್ತದೆ. ಡಿಸಿ ಚಾರ್ಜರ್ ಸದ್ಯಕ್ಕೆ ಮೂರು ಕಡೆ ಇದ್ದರೆ ಟ್ಯಾಕ್ಸಿಯವರಿಗೆ ಸಾಕು: ರೈಲು ನಿಲ್ದಾಣದ ಹತ್ತಿರ, ಗೋಕುಲ ರಸ್ತೆಯಲ್ಲಿ ವಿಮಾನ ನಿಲ್ದಾಣದ ಬದಿ, ನವನಗರ-ಸತ್ತೂರು ನಡುವೆ ಒಂದು. ನಿಲ್ದಾಣಗಳ ಒಳಗಿನ ಜಾಗ ರೈಲ್ವೆಯದು, ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಪಾಲಿಕೆ ಠರಾವಿನಿಂದ ಅಲ್ಲೇನೂ ಆಗದು. ಹೊರಗಿನ ರಸ್ತೆ ಬದಿ ಬೇಗ ಆಗುತ್ತದೆ.

ಯಂತ್ರದ ಗಾತ್ರದಲ್ಲೂ ದುಡ್ಡು ಪೋಲಾಗುತ್ತದೆ. 26 ಯೂನಿಟ್ಟಿನ ಈ ದರ್ಜೆಯ ಟ್ಯಾಕ್ಸಿಗಳು 25 ಕಿಲೋವ್ಯಾಟಿನ ಆಸುಪಾಸಿಗಿಂತ ಹೆಚ್ಚು ಎಳೆದುಕೊಳ್ಳುವುದಿಲ್ಲ. 120 ಕಿಲೋವ್ಯಾಟ್ ಯಂತ್ರದ ಮುಂದೆ ನಿಲ್ಲಿಸಿದರೂ ಶೇ. 10ರಿಂದ 80ಕ್ಕೆ ಮುಕ್ಕಾಲು ತಾಸು ದಾಟುತ್ತದೆ. 80ರ ಮೇಲೆ ಬ್ಯಾಟರಿಯೇ ಕೈ ಬಿಗಿ ಹಿಡಿದು ನಿಧಾನವಾಗಿ ತುಂಬುತ್ತದೆ, ಕೊನೆಯ 20ಕ್ಕೆ ಇನ್ನೊಂದು ಅರ್ಧ ತಾಸು ಬೇಕು. ಟ್ಯಾಕ್ಸಿಗೆ ಒಪ್ಪುವುದು ಎರಡು ಗನ್ನಿನ (ಗಾಡಿಗೆ ಸಿಕ್ಕಿಸುವ ಹಿಡಿಕೆ) 60 ಕಿಲೋವ್ಯಾಟ್ ಯಂತ್ರ, ಎರಡೂ ಕಡೆ 30-30 ಹಂಚಿಕೊಳ್ಳುವಂಥದು. ಗನ್ ಈಗಿನ ಕಾರುಗಳಿಗೆ ಹೊಂದುವ ಸಿಸಿಎಸ್-2 ನಮೂನೆಯದಿರಲಿ. ಹಳೆಯ ಫ್ಲೀಟ್ ಟ್ಯಾಕ್ಸಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾತ್ರ ಚಾರ್ಜಿಂಗ್ ಮೂತಿ ನೋಡಿ ದುಡ್ಡು ಕೊಡಬೇಕು. ಮೊದಲ ಪೀಳಿಗೆಯ ಕೆಲವು ಗಾಡಿಗಳಿಗೆ ಹಳೆಯ ಜಿಬಿ/ಟಿ ನಮೂನೆಯ ಗನ್, 15 ಕಿಲೋವ್ಯಾಟ್ ಮಿತಿ. ಹೊಸ ಸ್ಟೇಷನ್‌ಗಳಲ್ಲಿ ಆ ಗನ್ ಸಿಗುವುದು ಕಷ್ಟ.

ಹಾಕಿದವರಿಗೆ ಗಿಟ್ಟುತ್ತದೆಯೇ? ಯಂತ್ರ, ಪಾಯ, ಕೇಬಲ್, ಠೇವಣಿ ಸೇರಿ 15 ಲಕ್ಷ ಹಿಡಿಯಿರಿ. ಏಳು ವರ್ಷಕ್ಕೆ ಹಂಚಿದರೆ ತಿಂಗಳಿಗೆ 18,000 ರೂ., ಬಡ್ಡಿ 10,000, ನಿರ್ವಹಣೆ, ಜಾಗದ ಬಾಡಿಗೆ, ಕಾವಲು 17,000. ಒಟ್ಟು 45,000. ಯೂನಿಟ್ಟಿಗೆ 16 ರೂ.ಗೆ ಮಾರಿ, ಕರೆಂಟಿನ ದರ, ಸೋರಿಕೆ ಕಳೆದು 9 ರೂ. ಉಳಿದರೆ ತಿಂಗಳಿಗೆ 5,000 ಯೂನಿಟ್ ಹೋಗಬೇಕು. ದಿನಕ್ಕೆ 167 ಯೂನಿಟ್, ಒಬ್ಬೊಬ್ಬರು 14 ಯೂನಿಟ್ ತುಂಬಿಸಿದರೆ 12 ಗಾಡಿ. ಒಂದು ಸ್ಟೇಷನ್ನಿಗೆ 12 ಗಾಡಿ ಬಂದೀತು. ಅದೇ ಊರಲ್ಲಿ ಹತ್ತು ಸ್ಟೇಷನ್ ಹಾಕಿದರೆ ದಿನಕ್ಕೆ 120 ಗಾಡಿ ಎಲ್ಲಿಂದ ತರುವುದು? ಬರದಿದ್ದಾಗ ನಡೆಯುವುದು ಇಷ್ಟೇ: ಮಾಲಕ ನಿರ್ವಹಣೆ ನಿಲ್ಲಿಸುತ್ತಾನೆ. ಗಾಳಿ ಫಿಲ್ಟರ್ ತುಂಬಿಕೊಳ್ಳುತ್ತದೆ (ಹುಬ್ಬಳ್ಳಿಯ ಧೂಳಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ), ಒಳಗಿನ ಮಾಡ್ಯೂಲ್ ಬಿಸಿಯಾಗಿ 60ರ ಯಂತ್ರ 20 ಕೊಡುತ್ತದೆ. ಸಿಮ್ ರಿಚಾರ್ಜ್ ಆಗದೆ ಆ್ಯಪ್ ಚಾಲೂ ಆಗುವುದಿಲ್ಲ. ಮೇ ತಿಂಗಳ ಗುಡುಗು-ಸಿಡಿಲಿಗೆ ಸರ್ಜ್ ಅರೆಸ್ಟರ್ ಸುಟ್ಟಿರುತ್ತದೆ, ಬದಲಿಸಿರುವುದಿಲ್ಲ, ಮುಂದಿನ ಸಿಡಿಲಿಗೆ ಬೋರ್ಡ್ ಹೋಗುತ್ತದೆ. ಕೊನೆಗೆ ತಾಮ್ರಕ್ಕಾಗಿ ಕೇಬಲ್ಲನ್ನೇ ಕತ್ತರಿಸಿ ಒಯ್ಯುತ್ತಾರೆ. ಎರಡು ಸಲ ಕೆಟ್ಟ ಚಾರ್ಜರ್ ಮುಂದೆ ನಿಂತ ಚಾಲಕ ಮೂರನೇ ಸಲ ಆ ಕಡೆ ತಿರುಗುವುದಿಲ್ಲ, ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳುತ್ತಾನೆ.

ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗಿಗೆಂದೇ 2,000 ಕೋಟಿ ರೂ. ತೆಗೆದಿಟ್ಟಿದ್ದಾರೆ. ಇಂಥ ಹಣ ಬಳಸಿ ಟೆಂಡರ್ ಕರೆಯುವಾಗ ಸಬ್ಸಿಡಿಯನ್ನು ಯಂತ್ರ ನಿಲ್ಲಿಸಿದ್ದಕ್ಕೆ ಕೊಡದೆ, ಅದು ಕೊಟ್ಟ ಯೂನಿಟ್ಟಿಗೆ ಕಂತಿನಲ್ಲಿ ಕೊಡುವ ಷರತ್ತು ಹಾಕಿದರೆ ಮೇಲಿನ ಅರ್ಧ ರೋಗ ವಾಸಿಯಾದೀತು. ಚಾರ್ಜರ್ ಮುಂದೆ ಪೆಟ್ರೋಲ್ ಕಾರು ನಿಲ್ಲಿಸಿದವರಿಗೆ ದಂಡ ಹಾಕಲು ಟ್ರಾಫಿಕ್ ಪೊಲೀಸರನ್ನು ಮೊದಲೇ ಒಪ್ಪಿಸಿರಬೇಕು, ಬಣ್ಣ ಬಳಿದ ಪಟ್ಟಿಯನ್ನು ಯಾರೂ ಲೆಕ್ಕಿಸುವುದಿಲ್ಲ. ದರದಲ್ಲಿ ಇನ್ನೊಂದು ಅವಕಾಶ: ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ, ಸೌರ ವಿದ್ಯುತ್ ಹೇರಳವಿರುವ ಹೊತ್ತಿನಲ್ಲಿ ಚಾರ್ಜಿಂಗಿಗೆ ಅಗ್ಗದ ದರ ಇರಲಿ ಎಂದು 2024ರ ಮಾರ್ಗಸೂಚಿ ಹೇಳುತ್ತದೆ. ದರ ನಿಗದಿ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಕೈಯಲ್ಲಿ. ಮಧ್ಯಾಹ್ನ ಬಾಡಿಗೆ ಇಳಿದಿರುವ ಹೊತ್ತು, ಚಾಲಕರು ಉಣ್ಣುವ ಹೊತ್ತು, ಅಗ್ಗದ ದರದ ಹೊತ್ತು ಮೂರೂ ಒಂದೇ. ಸ್ಟ್ಯಾಂಡ್ ಪಕ್ಕದ ಖಾನಾವಳಿ ಎದುರು ನಾಲ್ಕು ಎಸಿ ಪಾಯಿಂಟ್ ಹಾಕುವ ಧೈರ್ಯ ಯಾರಾದರೂ ಮಾಡಬೇಕು.

ಗದಗ, ಹಾವೇರಿ

ಹುಬ್ಬಳ್ಳಿಯಿಂದ ಗದಗ 60 ಕಿ.ಮೀ. ಒಳಗೆ. ತುಂಬಿದ ಗಾಡಿ ಹೋಗಿ ಬರುತ್ತದೆ, ನಡುವೆ ಚಾರ್ಜರ್ ಬೇಕಿಲ್ಲ. ಹಾವೇರಿ 75ರ ಆಸುಪಾಸು. ಹೋಗಿ ಬಂದು 150, ಹೆದ್ದಾರಿಯಲ್ಲಿ 90ರ ವೇಗದಲ್ಲಿ ಓಡಿದರೆ ಅಂಚಿಗೆ ಬಂದು ನಿಲ್ಲುತ್ತದೆ. ಗಿರಾಕಿಯನ್ನು ಕೂರಿಸಿಕೊಂಡು ಯಾವ ಚಾಲಕನೂ ಶೇ. 8 ತೋರಿಸುವ ಮೀಟರ್ ನೋಡುತ್ತ ಬರುವುದಿಲ್ಲ. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಾವೇರಿ ಭಾಗದ ಹೋಟೆಲ್, ಢಾಬಾಗಳ ಬಳಿಯ ಚಾರ್ಜರ್ ಅವಳಿ ನಗರದ ಟ್ಯಾಕ್ಸಿಗೆ ಊರೊಳಗಿನ ನಾಲ್ಕನೇ ಚಾರ್ಜರ್‌ಗಿಂತ ಹೆಚ್ಚು ಉಪಯೋಗ. ಅಲ್ಲಿ ಜಾಗ ಕೊಡುವ ಹೋಟೆಲಿನವರು ಅರ್ಜಿ ಹಾಕುವ ಮುನ್ನ ಲೈನ್‌ಮನ್‌ನನ್ನು ಒಂದು ಮಾತು ಕೇಳಬೇಕು: ಈ ಕಂಬಕ್ಕೆ ಬರುವುದು ಪಂಪ್‌ಸೆಟ್ ಫೀಡರೋ, ಹಳ್ಳಿ ಮನೆಗಳಿಗೆ ಇಡೀ ದಿನ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರೋ? ಪಂಪ್‌ಸೆಟ್ ಫೀಡರಿನಲ್ಲಿ ಮೂರು ಫೇಸ್ ದಿನಕ್ಕೆ ಏಳೆಂಟು ತಾಸು ಮಾತ್ರ, ಉಳಿದ ಹೊತ್ತು ಡಿಸಿ ಚಾರ್ಜರ್ ಸತ್ತಂತೆ. ನಿರಂತರ ಜ್ಯೋತಿ ಲೈನು ಅರ್ಧ ಕಿಲೋಮೀಟರ್ ಆಚೆ ಇದ್ದರೆ ಅಲ್ಲಿಂದ 11 ಕೆವಿ ಎಳೆಸುವ ಖರ್ಚನ್ನು ಯಂತ್ರ ಕೊಳ್ಳುವ ಮೊದಲೇ ಅಂದಾಜುಪಟ್ಟಿಯಲ್ಲಿ ಬರೆಸಿಕೊಳ್ಳಿ.